ಅಪ್ಪನ ಕಂಪ್ಯೂಟರಿಗೆ ಟೈಟಲ್ ಬಾರ್ ಮರಳಿ ಬಂತು

ನಿನ್ನೆ ರಾತ್ರಿ ಕಾಸರಗೋಡಿನ ಬದಿಯಡ್ಕದ ಮನೆಯಲ್ಲಿ ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ಲೆಕ್ಕ ಬರೆಯಲು ಕುಳಿತ ಅಪ್ಪ, ಈ ವರ್ಷದ ದೈವದ ಕೋಲದ ಖರ್ಚನ್ನೆಲ್ಲ ಕಳೆದ ವರ್ಷದ ಕಡತದ ಅಡಿಯಲ್ಲಿ ಬರೆದು ಉಳಿಸಿಬಿಟ್ಟರು. ತಪ್ಪು ಅವರದಲ್ಲ. ಕಂಪ್ಯೂಟರನ್ನು ನಡೆಸುವ ಲಿನಕ್ಸಿನ ಹೊಸ ಆವೃತ್ತಿ ಹಾಕಿದ ಮೇಲೆ ಕಿಟಕಿಯ ಟೈಟಲ್ ಬಾರ್, ಅಂದರೆ ಹೆಸರು ತೋರಿಸುವ ಮೇಲಿನ ಪಟ್ಟಿ, ಮಾಯವಾಗಿತ್ತು; ಅದರ ಜಾಗದಲ್ಲಿ ‘ತೆರೆ’, ‘ಉಳಿಸು’ ಗುಂಡಿಗಳು ಒತ್ತಿಕೊಂಡು ಕುಳಿತು, ನಡುವೆ ಉಳಿದ ಎರಡು ಬೆರಳಗಲದಲ್ಲಿ ‘ತರವಾಡು ಕೋಲದ ಖರ್ಚು 20…’ ಎಂದಷ್ಟೇ ಕಾಣುತ್ತಿತ್ತು. ಯಾವ ವರ್ಷದ್ದೆಂದು ತಿಳಿಸಬೇಕಾದ ಎರಡು ಅಂಕೆಗಳನ್ನು ಆ ಮೂರು ಚುಕ್ಕೆಗಳು ನುಂಗಿದ್ದವು. ಆ ಆವೃತ್ತಿಯನ್ನು ಅವರನ್ನು ಕೇಳದೆ ಹಾಕಿದವನು ನಾನೇ. ಅದಕ್ಕೇ ನನಗಿಷ್ಟು ಸಂಕಟ.

ಅಪ್ಪ ಕನ್ನಡ ಮಾಧ್ಯಮ ಶಾಲೆಯ ಮಾಸ್ತರರಾಗಿದ್ದವರೆಂದು ನಿಮಗೆಲ್ಲ ಗೊತ್ತು. ಕೇರಳದ ಶಾಲೆಗಳಿಗೆ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಲಿನಕ್ಸ್ ಬಂದ ಕಾಲದ ತರಬೇತಿಯಲ್ಲಿ ಅವರು ಕಲಿತ ಮೊದಲ ಪಾಠವೇ ಇದು: ಮೇಲಿನ ಪಟ್ಟಿಯಲ್ಲಿ ಹೆಸರು ಓದಬೇಕು, ಅದನ್ನೇ ಹಿಡಿದು ಕಿಟಕಿಯನ್ನು ಸರಿಸಬೇಕು. ತಂತ್ರಾಂಶಗಳ ಕಿಟಕಿ, ಗುಂಡಿಗಳನ್ನು ಕಟ್ಟಲು ಬಳಸುವ ಜಿಟಿಕೆ ಎಂಬ ಸಲಕರಣೆಯ 3.10 ಆವೃತ್ತಿ 2013ರಲ್ಲಿ, ಹೆಸರನ್ನೂ ಗುಂಡಿಗಳನ್ನೂ ಒಂದೇ ಪಟ್ಟಿಗೆ ಸೇರಿಸುವ ‘ಹೆಡರ್ ಬಾರ್’ ತಂದ ಬಳಿಕ, ಅದುವರೆಗೆ ಕಿಟಕಿಗಳನ್ನು ನಿಭಾಯಿಸುವ ವಿಂಡೋ ಮ್ಯಾನೇಜರ್ ಎಲ್ಲ ಕಿಟಕಿಗಳಿಗೂ ಒಂದೇ ಬಗೆಯಲ್ಲಿ ತೊಡಿಸುತ್ತಿದ್ದ ಚೌಕಟ್ಟನ್ನು ಹಲವು ತಂತ್ರಾಂಶಗಳು ತಮಗೆ ಬೇಕಾದಂತೆ ತಾವೇ ರಚಿಸಿಕೊಳ್ಳತೊಡಗಿದವು. ಕಿಟಕಿಯ ಹೆಸರು ಕಿಟಕಿಯ ಮೇಲೆ ಪೂರ್ತಿ ಕಾಣಬೇಕೆಂಬುದು ಅತಿಯಾಸೆಯೇ?

ಹೆಡರ್ ಬಾರಿನಿಂದ ಜಾಗ ಉಳಿಯುತ್ತದೆ ಎಂದು ಗೆಳೆಯರು ವಾದಿಸುತ್ತಾರೆ. ಸಣ್ಣ ಲ್ಯಾಪ್‌ಟಾಪಿನಲ್ಲಿ ಉಳಿಯುವುದು ನಿಜ. ಆದರೆ ಕಡತದ ಹೆಸರನ್ನೇ ಕತ್ತರಿಸಿ ಉಳಿಸಿದ ಜಾಗ ನನಗೆ ಬೇಡ.

ಇಂದು ಬೆಳಗ್ಗೆಯೇ ಲಿನಕ್ಸಿನ ಹಳೆಯ ಬಗೆಯ ಪರದೆ ವಿನ್ಯಾಸವಾದ ಮಾಟೆ ಡೆಸ್ಕ್‌ಟಾಪ್ ಹಾಕಿದೆ. ಅದರ ಬರೆಯುವ ತಂತ್ರಾಂಶ ಪ್ಲೂಮಾದಲ್ಲಿ ಟೈಟಲ್ ಬಾರ್ ಇದ್ದಲ್ಲೇ ಇದೆ. ಫೈರ್‌ಫಾಕ್ಸ್‌ನಲ್ಲಿ ‘ಕಸ್ಟಮೈಸ್ ಟೂಲ್‌ಬಾರ್’ ತೆರೆದು, ಕೆಳಗಿರುವ ‘ಟೈಟಲ್ ಬಾರ್’ ಚೌಕಕ್ಕೆ ಗುರುತು ಹಾಕಿದರೆ ಸಾಕು. ಹಠ ಬಿಡದ ಜಿಟಿಕೆ 3ರ ತಂತ್ರಾಂಶಗಳಿಗೆ ‘ಜಿಟಿಕೆ3-ನೋಸಿಎಸ್‌ಡಿ’ ಎಂಬ ಪುಟ್ಟ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳಿಗೆ ಸೇರಿಸುವ ಕೋಡಿನ ತುಣುಕು, ಇದೆ; ಅದನ್ನು ಎಲ್‌ಡಿ ಪ್ರಿಲೋಡ್ ಎಂಬ ಸೆಟ್ಟಿಂಗ್ ಮೂಲಕ ತಂತ್ರಾಂಶ ತೆರೆಯುವ ಮೊದಲೇ ಸೇರಿಸಿದರೆ, ಗುಂಡಿಗಳ ಸಾಲು ಕೆಳಗೆ ನಿಂತು, ಅದರ ಮೇಲೆ ಉಳಿದ ಕಿಟಕಿಗಳಿಗಿರುವಂಥದೇ ಪಟ್ಟಿ ಬರುತ್ತದೆ.

ಮಧ್ಯಾಹ್ನ ಅಪ್ಪ ಎರಡೂ ಕಡತಗಳನ್ನು ಬೇರೆ ಬೇರೆ ಕಿಟಕಿಗಳಲ್ಲಿ ತೆರೆದರು. ಎರಡರ ನೆತ್ತಿಯ ಮೇಲೂ ಇಸವಿ ಸಮೇತ ಪೂರ್ತಿ ಹೆಸರು. ಪಟ್ಟಿ ಹಿಡಿದು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಸರಿಸಿಟ್ಟರು. ಈಗ ಎಣ್ಣೆ, ಅಕ್ಕಿ, ಬಾಳೆಲೆಯ ಲೆಕ್ಕವನ್ನು ಒಂದೊಂದಾಗಿ ಈ ವರ್ಷಕ್ಕೆ ದಾಟಿಸುತ್ತಿದ್ದಾರೆ.