ಮೂರು ಕಡ್ಡಿ, ಎರಡು ಉಂಗುರ

ಗೆಳೆಯನ ಮನೆಯಲ್ಲಿ ನನಗೆ ಕೊಟ್ಟ ಕೋಣೆಯ ಗೋಡೆಗೆ ವೈಫೈ ಪಾಸ್‌ವರ್ಡನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಬಿಳಿ ಹಾಳೆ, ನಡುವೆ ಕಪ್ಪಗೆ ಒಂಬತ್ತು ಗುರುತು, ಸುತ್ತ ಧಾರಾಳವಾಗಿ ಖಾಲಿ ಜಾಗ. ಮೊದಲು ನಾನದನ್ನು ನವ್ಯಚಿತ್ರ ಎಂದುಕೊಂಡಿದ್ದೆ. "ಪಾಸ್‌ವರ್ಡ್ ಕಣ್ಣೆದುರಿಗೇ ಇದೆಯಲ್ಲೋ" ಎಂದು ಆಕಳಿಸಿ ಗೆಳೆಯ ಮಲಗಲು ಹೋದ.

ಒಂಬತ್ತರಲ್ಲಿ ನಾಲ್ಕನ್ನು ಹೇಗೋ ಓದಬಹುದಿತ್ತು. ಅವುಗಳಲ್ಲೂ ‘ಎ’ಗೆ ಅಡ್ಡಗೆರೆ ಇರಲಿಲ್ಲ. ತಲೆಕೆಳಗಾದ ‘ವಿ’ ಇದ್ದೀತೇ ಎಂದು ಅರೆಗಳಿಗೆ ಅನುಮಾನಿಸಿ, ಅಂಥದ್ದು ಕೀಲಿಮಣೆಯಲ್ಲಿ ಇಲ್ಲವೆಂದು ನೆನಪಾಗಿ ನಿರಾಳವಾದೆ. ಮಿಕ್ಕವು ಮೂರು ನೆಟ್ಟನೆಯ ಕಡ್ಡಿ, ಎರಡು ಉಂಗುರ. ಕಡ್ಡಿ ಎಂದರೆ ದೊಡ್ಡ ‘ಐ’ ಆಗಬಹುದು, ಸಣ್ಣ ‘ಎಲ್’ ಆಗಬಹುದು, 1 ಕೂಡ ಆಗಬಹುದು. ಉಂಗುರವೋ, ‘ಓ’ ಅಥವಾ ಸೊನ್ನೆ. ಮೂರ್ಮೂರ್ಲಿ ಒಂಬತ್ತು, ಒಂಬತ್ ಮೂರ್ಲಿ ಇಪ್ಪತ್ತೇಳು, ಇಪ್ಪತ್ತೇಳ್ ನಾಕ್ಲಿ ನೂರೆಂಟು. ಸರಿಯಾಗಿ ಅಷ್ಟೋತ್ತರ! ಒಂದೊಂದೇ ನಾಮ ಅರ್ಪಿಸುತ್ತಾ ಹೋಗುವುದೊಂದೇ ದಾರಿ.

ಹಾಳೆ ತೆಗೆದುಕೊಂಡು ಕೋಷ್ಟಕ ಹಾಕಿದೆ. ಮೊದಲ ಹದಿನೈದಿಪ್ಪತ್ತು ನಾಮಗಳು ಭಕ್ತಿಯಿಂದಲೇ ಹೋದವು. ಆಮೇಲೆ ಇನ್ನೊಂದು ಸಂಕಟ ಗೊತ್ತಾಯಿತು. ನನ್ನ ಫೋನಿನ ಅಕ್ಷರಗಳೂ ಅದೇ ಕುಲದವು. ನಾನು ಒತ್ತಿದ್ದು ‘ಐ’ಯೋ ‘ಎಲ್’ಲೋ ಎಂಬುದು ಅಲ್ಲಿಯೂ ತಿಳಿಯುತ್ತಿರಲಿಲ್ಲ. ಗೋಡೆಯ ಕಡ್ಡಿ ನೋಡುವುದು, ಫೋನಿನ ಕಡ್ಡಿ ನೋಡುವುದು, ಹಾಳೆಯ ಮೇಲೆ ನಾನೇ ಗೀಚಿದ ಕಡ್ಡಿ ನೋಡುವುದು. ನನ್ನ ಕೈಬರಹದಲ್ಲಿಯೂ ಅವು ಮೂರೂ ಒಂದೇ ಎಂಬ ಜ್ಞಾನೋದಯ ನಲವತ್ತೊಂದನೇ ನಾಮದ ಹೊತ್ತಿಗೆ ಆಯಿತು. ಹಾಳೆ ಹರಿದು ಹಾಕಿದೆ.

ಕೈವಾರ, ಅಡಿಪಟ್ಟಿ ಹಿಡಿದು ಅಕ್ಷರ ಬರೆಯುವ ಹುಚ್ಚು ನಿನ್ನೆಮೊನ್ನೆಯದಲ್ಲ. 1925ರ ಸುಮಾರಿಗೆ ಜರ್ಮನಿಯ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆಯಲ್ಲಿ ಹರ್ಬರ್ಟ್ ಬೇಯರ್ ದೊಡ್ಡಕ್ಷರಗಳೇ ಇಲ್ಲದ ಅಕ್ಷರಮಾಲೆಯೊಂದನ್ನು ರೂಪಿಸಿದ. ಎಲ್ಲವನ್ನೂ ಸಣ್ಣಕ್ಷರದಲ್ಲೇ ಬರೆಯುತ್ತೇವೆ, ಅದರಿಂದ ಸಮಯ ಉಳಿಯುತ್ತದೆ ಎಂದು ಶಾಲೆಯ ಪತ್ರಹಾಳೆಯಲ್ಲೇ ಅಚ್ಚು ಹಾಕಿಸಿದ್ದರು. ಅವರು ಉಳಿಸಿದ್ದನ್ನೆಲ್ಲ ಆ ರಾತ್ರಿ ನನ್ನ ಲೆಕ್ಕದಲ್ಲಿ ಖರ್ಚು ಬರೆದರು. ಪಾಲ್ ರೆನ್ನರ್ 1927ರಲ್ಲಿ ಹೊರತಂದ ಫ್ಯೂಚುರಾ ಎಂಬ ಫಾಂಟಿನ ಮೊದಮೊದಲ ಕರಡುಗಳಲ್ಲಿ ಸಣ್ಣ ‘ಆರ್’ ಎಂದರೆ ಒಂದು ಕಡ್ಡಿ, ಪಕ್ಕದಲ್ಲೊಂದು ಚುಕ್ಕೆ, ಅಷ್ಟೇ. ಸದ್ಯ, ಅದು ಹೆಚ್ಚು ಚಲಾವಣೆಗೆ ಬರಲಿಲ್ಲ. 1969ರಲ್ಲಿ ಚಂದ್ರನ ಮೇಲೆ ಬಿಟ್ಟುಬಂದ ಫಲಕದ ಬರಹವೂ ಫ್ಯೂಚುರಾದ್ದೇ. ಎಲ್ಲ ದೊಡ್ಡಕ್ಷರ, ಓದಲು ತೊಡಕಿಲ್ಲ. ಅಲ್ಲಿ ಯಾರೂ ವೈಫೈ ಕೇಳುವವರೂ ಇರಲಿಲ್ಲ ಅನ್ನಿ.

ರೆನ್ನರನ ಮೇಲೆ ನನಗೆ ಸಿಟ್ಟಿಲ್ಲ. ಆತನಂಥವರಿಗೆ ಕಣ್ಣಿನ ದೌರ್ಬಲ್ಯ ಗೊತ್ತಿತ್ತು. ‘ಎಚ್’ನಷ್ಟೇ ಎತ್ತರಕ್ಕೆ ‘ಓ’ ಬರೆದರೆ ಅದು ಕುಳ್ಳಾಗಿ ಕಾಣುತ್ತದೆಂದು ಮೇಲೆ ಕೆಳಗೆ ಕೂದಲೆಳೆಯಷ್ಟು ಗೆರೆ ದಾಟಿಸುತ್ತಾರೆ. ಅಡ್ಡಗೆರೆ ಉದ್ದಗೆರೆಗಿಂತ ದಪ್ಪ ಕಾಣುತ್ತದೆಂದು ತುಸು ಸವರುತ್ತಾರೆ. ಹೀಗೆ ಹೆಜ್ಜೆಹೆಜ್ಜೆಗೂ ಮೋಸ ಮಾಡಿದಾಗಲೇ ಅಕ್ಷರ ಶುದ್ಧ ರೇಖಾಗಣಿತದಂತೆ ಕಾಣುವುದು. ನನ್ನ ಜಗಳ ಈ ಮೋಸ ಕಲಿಯದೆ ಬರೀ ಕತ್ತರಿ ಕಲಿತವರ ಜೊತೆ. ಕನ್ನಡಕ್ಕೂ ಅವರ ಕತ್ತರಿ ಬಂದಿದೆ. ಮೊದಲು ತಲೆಕಟ್ಟು ಹೋಗುತ್ತದೆ. ಮೇಷ್ಟ್ರು ಬೆರಳಿಗೆ ಹೊಡೆದು ಹೊಟ್ಟೆ ಸೀಳಲು ಕಲಿಸಿದ ‘ಧ’, ‘ಫ’ಗಳನ್ನೂ ಒಂದು ದಿನ ಹೊಲಿದುಬಿಟ್ಟಾರು. ಆಗ ಧನ ಯಾವುದು, ದನ ಯಾವುದು?

ಬೆಳಿಗ್ಗೆ ಗೆಳೆಯನ ಮಗಳು ಸಿಕ್ಕಳು. ಡಿಸೈನ್ ಓದುತ್ತಿದ್ದಾಳೆ, ಗೋಡೆಯ ಕಟ್ಟು ಅವಳದೇ ಕೈಚಳಕ. ನನ್ನ ಕೆಂಪು ಕಣ್ಣು ನೋಡಿ ಕನಿಕರದಿಂದ ಹೇಳಿದಳು, "ಅಂಕಲ್, ಅದು ಡಿಸ್‌ಪ್ಲೇ ಫಾಂಟು. ಓದೋದಕ್ಕಲ್ಲ, ನೋಡೋದಕ್ಕೆ."

"ಪಾಸ್‌ವರ್ಡನ್ನ ನೋಡಿ ಏನು ಮಾಡಲಮ್ಮಾ?"

ಅವಳು ನಕ್ಕು ನನ್ನ ಫೋನು ತೆಗೆದುಕೊಂಡು ಟಪಟಪನೆ ಒತ್ತಿದಳು. ನಾನು ಎಣಿಸುತ್ತಿದ್ದೆ. ಎಂಟೇ ಸಲ ಒತ್ತಿದ್ದು. ಕೊನೆಯ ಕಡ್ಡಿ?

"ಅಯ್ಯೋ, ಅದು ಲೆಟರ್ ಅಲ್ಲ ಅಂಕಲ್. ಬಲಗಡೆ ಖಾಲಿ ಖಾಲಿ ಅನಿಸ್ತಿತ್ತು, ಬ್ಯಾಲೆನ್ಸ್‌ಗೆ ಅಂತ ಒಂದು ಗೆರೆ ಹಾಕಿದೆ."

ನೂರೆಂಟೂ ವ್ಯರ್ಥ! ನೂರೆಂಟನ್ನೂ ಮುಗಿಸಿದ್ದರೂ ವ್ಯರ್ಥ. ತಿಂಡಿ ಮುಗಿಯುವವರೆಗೆ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಹೊರಡುವಾಗ ಅವಳ ಹತ್ತಿರ ಆ ಫಾಂಟಿನ ಹೆಸರು ಕೇಳಿಕೊಂಡೆ, ಯಾರನ್ನು ಬೈಯಬೇಕೆಂದು ಗೊತ್ತಿರಲಿ ಎಂದು. ಮನೆಗೆ ಬಂದು ಕಂಪ್ಯೂಟರಿಗೆ ಇಳಿಸಿಕೊಂಡೆ. ನನ್ನ ಹೆಸರನ್ನೇ ಇಂಗ್ಲಿಷಿನಲ್ಲಿ ಟೈಪಿಸಿ, ದೊಡ್ಡದು ಮಾಡಿ, ಅಕ್ಷರಗಳ ನಡುವೆ ಒಂದಿಷ್ಟು ಜಾಗ ಬಿಟ್ಟು ನೋಡಿದೆ. ದರಿದ್ರದ್ದು, ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಬಲಗಡೆ ಮಾತ್ರ ಸ್ವಲ್ಪ ಖಾಲಿ ಅನಿಸಿತು.