ಬೈಯೋದಾದರೆ ಬಿಸಿಲಲ್ಲಿ ಮಿನುಗೋದಕ್ಕೆ ಬೈಯಬೇಡಿ

'ಟ್ವೈಲೈಟ್' ಹೆಸರೆತ್ತಿದರೆ ಸಾಕು, ಯಾರಾದರೂ ಒಬ್ಬರು ಕಿಸಕ್ಕನೆ ನಗುತ್ತಾರೆ. "ಬಿಸಿಲಿಗೆ ಬಂದರೆ ಮಿನುಗೋ ವ್ಯಾಂಪೈರ್ ಅಲ್ವಾ?" ಅಂತ. ಸ್ಟೆಫನಿ ಮೇಯರ್ ಬರೆದ ಆ ಕಾದಂಬರಿ ಬಂದಿದ್ದು 2005ರಲ್ಲಿ. ಸಿನಿಮಾ 2008ರಲ್ಲಿ. ಜೋಕು ಮಾತ್ರ ಇವತ್ತಿಗೂ ಅದೇ. ಹೈಸ್ಕೂಲು, ಪ್ರೇಮ, ಜೊತೆಗೊಂದು ರಕ್ತ ಹೀರೋ ಪಿಶಾಚಿ ಇರುವ ಕಥೆ ಯಾವುದೇ ಬರಲಿ, ಇದರ ಹೆಸರು ಹೇಳಿ ಅದನ್ನೂ ಸೇರಿಸಿ ಆಡಿಕೊಳ್ಳುತ್ತಾರೆ.

ಆ ಪುಸ್ತಕಕ್ಕೆ ಧಾರಾಳವಾಗಿ ಬೈಯಿರಿ, ನನ್ನದೇನೂ ಅಡ್ಡಿ ಇಲ್ಲ. ಆದರೆ ಮಿನುಗೋದಕ್ಕೆ ಬೈಯಬೇಡಿ. ಲೇಖಕಿಯ ಲೆಕ್ಕ ಸರಿಯಾಗಿ ಕೂತಿರೋದೇ ಅಲ್ಲಿ.

ಯೋಚನೆ ಮಾಡಿ ನೋಡಿ. ಕಥೆಯ ನಾಯಕ ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ. 1918ರ ಫ್ಲೂ ಜ್ವರದಲ್ಲಿ ಸಾಯುತ್ತಿದ್ದಾಗ ಅವನನ್ನು ವ್ಯಾಂಪೈರ್ ಮಾಡಲಾಯಿತು. ಅಲ್ಲಿಂದ ವಯಸ್ಸು ಹದಿನೇಳಕ್ಕೇ ನಿಂತಿದೆ. ನೂರು ದಾಟಿದ ಮುದುಕ ಮತ್ತೆ ಮತ್ತೆ ಪಿಯುಸಿ ಓದುತ್ತಾ ಕೂತಿದ್ದಾನೆ! ಯಾಕೆ? ಅದಕ್ಕೂ ಪುಸ್ತಕದಲ್ಲಿ ಉತ್ತರ ಇದೆ. ಎಷ್ಟು ಚಿಕ್ಕವರು ಅಂತ ಹೇಳಿಕೊಂಡು ಒಂದು ಊರಿಗೆ ಬರುತ್ತಾರೋ, ಅನುಮಾನ ಬರದ ಹಾಗೆ ಅಷ್ಟು ಜಾಸ್ತಿ ವರ್ಷ ಅಲ್ಲಿ ಇರಬಹುದು. ಬಿಸಿಲು ಬಿದ್ದರೆ ಮೈ ಹೊಳೆದು ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಮೋಡ ಕವಿದೇ ಇರುವ ಊರು ಬೇಕು. ಮೇಯರ್ ಗೂಗಲ್‌ನಲ್ಲಿ ಅಮೆರಿಕದಲ್ಲಿ ಮಳೆ ಜಾಸ್ತಿ ಎಲ್ಲಿ ಅಂತ ಹುಡುಕಿ, ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಅನ್ನೋ ಪುಟ್ಟ ಊರನ್ನು ಹಿಡಿದರು. ಅವರಿದ್ದದ್ದು ಅರಿಜೋನಾದ ಬಿಸಿಲಲ್ಲಿ. ಬರೆಯೋಕೆ ಕೂತಾಗ ಆ ಊರನ್ನು ಕಣ್ಣಲ್ಲಿ ಕಂಡೂ ಇರಲಿಲ್ಲ.

ಇದರ ಫಲ ಏನು ಗೊತ್ತಾ? ಬಿಸಿಲು ಬಂದ ದಿನ ಎಡ್ವರ್ಡ್ ಮನೆಯವರೆಲ್ಲ ಶಾಲೆಗೆ ಚಕ್ಕರ್. ಕಾಡಿಗೆ ಕ್ಯಾಂಪಿಂಗ್ ಹೋಗಿದ್ದಾರೆ ಅಂತ ನೆಪ. ಬೇರೆ ಮಕ್ಕಳು ಬಿಸಿಲು ಬಂತು ಅಂತ ಖುಷಿಯಾಗಿರುವಾಗ, ಅವನನ್ನು ಇಷ್ಟಪಟ್ಟ ಹುಡುಗಿ ಬೆಲ್ಲಾ ಒಬ್ಬಳು ಊಟದ ಹಾಲ್‌ನಲ್ಲಿ ಖಾಲಿ ಟೇಬಲ್ ನೋಡಿಕೊಂಡು ಮುಖ ಸಪ್ಪಗೆ ಮಾಡಿಕೊಳ್ಳುತ್ತಾಳೆ. ಇಷ್ಟಪಟ್ಟವರು ಶಾಲೆಗೆ ಬರದ ದಿನ ಹೇಗಿರುತ್ತದೆ ಅಂತ ಹದಿನಾರು ದಾಟಿದ ಎಲ್ಲರಿಗೂ ಗೊತ್ತು. ಇಂಥ ಕಥೆಗೆ ಜೀವ ಬರೋದು ಪಿಶಾಚಿಯಿಂದಲ್ಲ, ಹಾಜರಿ ಪುಸ್ತಕದಿಂದ.

ಬಯಾಲಜಿ ಲ್ಯಾಬ್ ನೋಡಿ. ಮೊದಲ ದಿನ ಖಾಲಿ ಇದ್ದದ್ದು ಅವನ ಪಕ್ಕದ ಸೀಟು ಒಂದೇ. ಅವಳು ಕೂತಳು. ಅವನು ಕುರ್ಚಿಯ ತುದಿಗೆ ಸರಿದು, ಮುಷ್ಟಿ ಬಿಗಿಹಿಡಿದು, ವಾಸನೆ ಬಂದವರ ಹಾಗೆ ಮುಖ ತಿರುಗಿಸಿದ. ಬೆಲ್ ಹೊಡೆಯುತ್ತಲೇ ಎದ್ದು ಹೋದ. ಆಮೇಲೆ ಆಫೀಸಿಗೆ ಹೋಗಿ ಕ್ಲಾಸ್ ಬದಲಾಯಿಸಿಕೊಡಿ ಅಂತ ಕೇಳಿದ. ಅವಳಿಗೋ, ನನ್ನಿಂದ ಏನು ತಪ್ಪಾಯಿತು ಅನ್ನೋದೇ ಚಿಂತೆ. ಅವನಿಗೆ ಅವಳ ರಕ್ತದ ವಾಸನೆಯೇ ತಡೆಯೋಕಾಗಿರಲಿಲ್ಲ ಅಂತ ಗೊತ್ತಾಗೋದು ಎಷ್ಟೋ ಪುಟ ಆದಮೇಲೆ. ಮುಂದಿನ ವಾರ ಅದೇ ಟೇಬಲ್‌ನಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡುಗಳು. ಕೋಶ ವಿಭಜನೆಯ ಹಂತ ಗುರುತಿಸಬೇಕು. ನಮ್ಮಲ್ಲೂ ಪಿಯುಸಿಯಲ್ಲಿ ಮಾಡಿಸುತ್ತಾರಲ್ಲ, ಅದೇ ಪ್ರಾಕ್ಟಿಕಲ್. ಅವಳು "ಪ್ರೋಫೇಸ್" ಅನ್ನುತ್ತಾಳೆ, ಅವನು "ಒಂದು ಸಲ ನೋಡಲಾ?" ಅಂತ ಮೈಕ್ರೋಸ್ಕೋಪ್ ಎಳೆದುಕೊಳ್ಳುತ್ತಾನೆ. ಕೈ ತಾಗುತ್ತದೆ, ತಣ್ಣಗೆ. ಅಷ್ಟೇ. ಅಲ್ಲಿಂದ ಓದೋದು ನಿಲ್ಲಿಸೋಕಾಗಲ್ಲ. ಇನ್ನೊಂದು ದಿನ ಲ್ಯಾಬ್‌ನಲ್ಲಿ ರಕ್ತದ ಗುಂಪು ಪರೀಕ್ಷೆ. ಎಡ್ವರ್ಡ್ ಅವತ್ತು ಜಾಣನಾಗಿ ಕ್ಲಾಸಿಗೇ ಬರಲ್ಲ. ಇದೆಲ್ಲ ಕೈ ಪಳಗಿದವರ ಕೆಲಸ. ಹುಡುಗಿಯರು ಓದೋ ಪುಸ್ತಕ ಅನ್ನೋ ಒಂದೇ ಕಾರಣಕ್ಕೆ ಇದನ್ನು ಕಸ ಅಂದವರಲ್ಲಿ ಅರ್ಧ ಜನ ಓದೇ ಇರಲ್ಲ.

ಸರಿ, ಹಾಗಾದರೆ ಬೈಯೋದು ಎಲ್ಲಿ?

ರಾತ್ರಿ ಅವಳಿಗೆ ಗೊತ್ತಿಲ್ಲದೆ ರೂಮಿಗೆ ಬಂದು, ಅವಳು ಮಲಗಿರೋದನ್ನು ನೋಡುತ್ತಾ ಕೂರುತ್ತಾನಲ್ಲ, ಅಲ್ಲಿಂದ ಶುರು ಮಾಡಿ. ಗೊತ್ತಾದಾಗ ಅವಳಿಗೆ ಒಳಗೊಳಗೇ ಖುಷಿಯಾಗುತ್ತದೆ ಅಂತ ಬರೆದಿದ್ದಾರೆ. ಮೂರನೇ ಪುಸ್ತಕ 'ಎಕ್ಲಿಪ್ಸ್' ಬಂದಿದ್ದು 2007ರಲ್ಲಿ. ಅದರಲ್ಲಿ ಅವಳು ಗೆಳೆಯ ಜೇಕಬ್‌ನನ್ನು ನೋಡೋಕೆ ಹೋಗಬಾರದು ಅಂತ ಎಡ್ವರ್ಡ್ ಅವಳ ಗಾಡಿಯ ಎಂಜಿನ್‌ನಿಂದ ಒಂದು ಭಾಗ ಬಿಚ್ಚಿಡುತ್ತಾನೆ. ತಾನು ಊರಲ್ಲಿಲ್ಲದಾಗ ಅವಳನ್ನು ಮನೆಯಲ್ಲಿ ಕೂಡಿಹಾಕಿ ಕಾಯೋಕೆ ತಂಗಿಗೆ ಹಳದಿ ಪೋರ್ಷೆ ಕಾರು ಲಂಚ. ಎಲ್ಲಾ ಪ್ರೀತಿಯ ಹೆಸರಲ್ಲಿ.

ಎಡ್ವರ್ಡ್‌ಗಿಂತ ಜೇಕಬ್ ವಾಸಿ ಅನ್ನೋ ಓದುಗರು ಬೀಗೋದು ಬೇಡ. ಅದೇ ಪುಸ್ತಕದಲ್ಲಿ ಅವನು ಅವಳಿಗೆ ಬಲವಂತವಾಗಿ ಮುತ್ತು ಕೊಡುತ್ತಾನೆ. ಅವಳು ಗುದ್ದುತ್ತಾಳೆ, ಮುರಿಯೋದು ಅವಳದೇ ಕೈ. ಮನೆಗೆ ಬಂದರೆ ಅಪ್ಪ, ಅದೂ ಆ ಊರಿನ ಪೊಲೀಸ್ ಮುಖ್ಯಸ್ಥ, ಹುಡುಗನಿಗೆ ಶಹಬ್ಬಾಸ್ ಅನ್ನುತ್ತಾನೆ. ನನಗೆ ಇಡೀ ಸರಣಿಯಲ್ಲಿ ಮೈ ಉರಿಸಿದ್ದು ಈ ಜಾಗ. ಮನೆಯಲ್ಲಿ ಹದಿಮೂರು-ಹದಿನಾಲ್ಕರ ಹುಡುಗಿ ಈ ಪುಸ್ತಕ ಹಿಡಿದಿದ್ದರೆ ಕಿತ್ತುಕೊಳ್ಳಬೇಡಿ. ಪಕ್ಕ ಕೂತು ಈ ಪುಟದ ಬಗ್ಗೆ ಒಂದು ಮಾತಾಡಿ. ಅವಳಿಗೆ ನಿಮಗಿಂತ ಜಾಸ್ತಿ ಹೇಳೋದಿರುತ್ತದೆ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ವ್ಯಾಂಪೈರ್‌ಗಳು ಕಟ್ಟುಕಥೆ. ಅವರನ್ನು ಮಿನುಗಿಸಿ, ಕುಣಿಸಿ, ಕೇಳೋರಿಲ್ಲ. ಆದರೆ ಜೇಕಬ್‌ನ ಜನ, ಕ್ವಿಲಿಯೂಟ್ ಅನ್ನೋ ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರು, ಕಟ್ಟುಕಥೆ ಅಲ್ಲ. ಫೋರ್ಕ್ಸ್‌ನಿಂದ ಸುಮಾರು 25 ಕಿಲೋಮೀಟರ್ ದೂರದ ಲಾ ಪುಶ್‌ನಲ್ಲಿ, ಕಡಲ ದಡದಲ್ಲಿ ಇವತ್ತಿಗೂ ಇದ್ದಾರೆ. ತೋಳಗಳಿಂದ ಮನುಷ್ಯರಾದವರು ನಾವು ಅನ್ನೋದು ಅವರ ಹುಟ್ಟಿನ ಕಥೆ. ಮೇಯರ್ ಆ ಜನರನ್ನು ಒಂದು ಮಾತೂ ಕೇಳದೆ ಆ ಎಳೆ ತೆಗೆದುಕೊಂಡು, ಸಿಟ್ಟು ಬಂದರೆ ತೋಳವಾಗುವ ಹುಡುಗರನ್ನು ಮಾಡಿದರು. ಪುಸ್ತಕ, ಸಿನಿಮಾ, ಟೀಶರ್ಟು, ಒಡವೆ ಅಂತ ಎಲ್ಲೆಲ್ಲೋ ದುಡ್ಡು ಹರಿಯಿತು. ಆ ಬುಡಕಟ್ಟಿಗೆ ಅದರಲ್ಲಿ ಪಾಲಿಲ್ಲ. ಕೊನೆಗೆ ಸಿಯಾಟಲ್‌ನ ಬರ್ಕ್ ಮ್ಯೂಸಿಯಂ ಅವರ ಜೊತೆ ಸೇರಿ, ಕಾದಂಬರಿಯಲ್ಲಿರೋದು ಏನು, ನಿಜ ಏನು ಅಂತ ಬಿಡಿಸಿ ಹೇಳಬೇಕಾಯಿತು.

ಜೇಕಬ್ ಓದೋದು ಫೋರ್ಕ್ಸ್ ಹೈಸ್ಕೂಲಿನಲ್ಲಲ್ಲ, ತನ್ನ ಜನರದೇ ಶಾಲೆಯಲ್ಲಿ. ಪುಸ್ತಕ ಅದನ್ನು ಒಂದು ಮಾತಲ್ಲಿ ಹೇಳಿ ಮುಂದೆ ಹೋಗುತ್ತದೆ. ಊಟದ ಟೇಬಲ್ಲು, ಲ್ಯಾಬು, ಪಾರ್ಕಿಂಗ್ ಜಾಗ ಅಂತ ಒಂದು ಶಾಲೆಯನ್ನು ಅಷ್ಟು ಚೆನ್ನಾಗಿ ಬರೆದವರಿಗೆ ಇನ್ನೊಂದು ಶಾಲೆಯ ಮೇಲೆ ಆಸಕ್ತಿಯೇ ಇಲ್ಲ. ಲಾ ಪುಶ್‌ನ ನಿಜವಾದ ಶಾಲೆ ಇದ್ದದ್ದು ಸಮುದ್ರದ ಪಕ್ಕದಲ್ಲೇ, ಸುನಾಮಿ ಬಂದರೆ ಮುಳುಗುವ ಜಾಗದಲ್ಲಿ. ಎತ್ತರದ ಜಾಗ ಬೇಕು ಅಂತ ಅವರು ವರ್ಷಗಟ್ಟಲೆ ಕೇಳುತ್ತಿದ್ದರು. 2012ರಲ್ಲಿ ಕಾನೂನು ಮಾಡಿ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಿಂದ ಸುಮಾರು 785 ಎಕರೆ ಕೊಟ್ಟರು. ಶಾಲೆಯ ಹೊಸ ಕಟ್ಟಡ ಅಲ್ಲಿ ಮೇಲೆ ತೆರೆದಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಸರಣಿಯ ಐದೂ ಸಿನಿಮಾ ಬಂದು ಹೋಗಿ, ಎಡ್ವರ್ಡ್ ಬಾಯಲ್ಲಿ ಅದೇ ಕಥೆ ಹೇಳಿಸುವ ಪುಸ್ತಕವೂ 2020ರಲ್ಲಿ ಮಾರಾಟವಾಗಿತ್ತು.