ಇಕ್ಕೇರಿಯ ನಡಿಗೆ, ಅನಾನಸಿನ ವೈನು

ಬೆಂಗಳೂರಿನವರು ನಂದಿಬೆಟ್ಟದ ಕಡೆಗೆ ಹೋಗಿ, ಬೆಳಿಗ್ಗೆ ಕೋಟೆ ಸುತ್ತಿ, ಮಧ್ಯಾಹ್ನ ದ್ರಾಕ್ಷಿತೋಟದಲ್ಲಿ ವೈನಿನ ರುಚಿ ನೋಡಿ ಬರುತ್ತಾರೆಂದು ಎಲ್ಲೋ ಕೇಳಿದ ನಮ್ಮ ಭಾವನವರಿಗೆ, ಶಿವಮೊಗ್ಗ ಜಿಲ್ಲೆಯೇನು ಕಡಿಮೆಯೆ ಎಂಬ ಅಭಿಮಾನ ಉಕ್ಕಿತು. ಇತಿಹಾಸಕ್ಕೆ ಇಕ್ಕೇರಿಯಿತ್ತು, ತೊಡಕಿದ್ದುದು ವೈನಿನದು. ಹಣ್ಣಾಗುವ ಹೊತ್ತಿಗೆ ಒಣಹವೆ ಬೇಡುವ ದ್ರಾಕ್ಷಿ ನಮ್ಮ ಮಳೆಗೆ ಬೂಷ್ಟು ಹಿಡಿಯುವುದರಿಂದ, ಸಾಗರದ ಹತ್ತಿರದ ಹಳ್ಳಿಯಲ್ಲಿ ಅನಾನಸಿನ ವೈನು ಮಾಡುವ ಸೋದರಮಾವನ ಮನೆಯನ್ನೇ ಅವರು ವೈನರಿಯೆಂದು ಘೋಷಿಸಿಬಿಟ್ಟರು.

ಮೊದಲು ಇತಿಹಾಸ, ಆಮೇಲೆ ವೈನು ಎಂಬುದು ಯೋಜನೆ. ಆದರೆ ಮಧ್ಯಾಹ್ನ ಮಾವನ ಮನೆಗೆ ಅಡಿಕೆ ವ್ಯಾಪಾರಿ ಬರುವವನಿದ್ದುದರಿಂದ ಎಲ್ಲವೂ ತಲೆಕೆಳಗಾಯಿತು. ಅತ್ತೆಯ ಬಾಯಲ್ಲಿ ವೈನು ಎಂಬ ಮಾತೇ ಬರುವುದಿಲ್ಲ; ಅವರು ಅದನ್ನು ಕಷಾಯವೆಂದು ಕರೆದು, ಕಷಾಯದ ಲೋಟದಲ್ಲಿಯೇ ಕೊಟ್ಟರು. ಬಾಯಿಗೆ ಬಟ್ಟೆ ಕಟ್ಟಿದ್ದ ಭರಣಿಗೆ ಕಿವಿಯಿಟ್ಟರೆ ಒಳಗಿನಿಂದ ಸಣ್ಣಗೆ ಗುಳುಗುಳು ಸದ್ದು ಬರುತ್ತಿತ್ತು. ಈಸ್ಟು ಸಕ್ಕರೆಯನ್ನು ತಿನ್ನುವ ಕೆಲಸ ಇನ್ನೂ ಮುಗಿದಿರಲಿಲ್ಲ. "ಇನ್ನೊಂದು ವಾರ ಬಿಡಬೇಕಿತ್ತು" ಎಂದು ಮಾವ ಹೇಳುವಷ್ಟರಲ್ಲಿ ಭಾವನವರ ಮೂರನೆಯ ಲೋಟವೂ ಬರಿದಾಗಿತ್ತು. ಹೊರಡುವಾಗ ಅವರು ಒಂದು ಬಾಟಲಿಗೆ ತುಂಬಿಸಿಕೊಂಡು, ಮುಚ್ಚಳವನ್ನು ಬಲವಾಗಿ ತಿರುಗಿಸಿದರು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಬಂದಾಗ ಇಕ್ಕೇರಿ ಕೆಳದಿಯ ಅರಸ ವೆಂಕಟಪ್ಪ ನಾಯಕನ ರಾಜಧಾನಿ. ಮುಂದೆ ರಾಜಧಾನಿ ಬಿದನೂರಿಗೆ ಹೋಯಿತು. ಇಕ್ಕೇರಿ ವರಹವೆಂಬ ನಾಣ್ಯದ ಹೆಸರು ಉಳಿಯಿತು, ಅಘೋರೇಶ್ವರ ದೇವಾಲಯ ಉಳಿಯಿತು. ಹಾಗಾಗಿ ನಮ್ಮ ನಗರದರ್ಶನಕ್ಕೆ ನಗರವೊಂದು ಮಾತ್ರ ಇರಲಿಲ್ಲ. ಗುಡಿಯಾದರೂ ಇದೆಯಲ್ಲ ಎಂದುಕೊಂಡರೆ, ಕುಡಿದ ಬಾಯಲ್ಲಿ ದೇವರ ಮುಂದೆ ಹೋಗುವುದೆಂತು ಎಂದು ಅಕ್ಕ ಬಾಗಿಲಲ್ಲಿಯೇ ಗಂಡನನ್ನು ತಡೆದಳು. ಅದು ಕಷಾಯವೆಂಬ ಅವರ ವಾದ ನಡೆಯಲಿಲ್ಲ. ವಿವರಿಸಬೇಕಾದವರು ನಂದಿಮಂಟಪದ ಬಳಿ ಉಳಿದು, ಅಲ್ಲಿಂದಲೇ ಕೆಳದಿ ಅರಸರ ವಂಶಾವಳಿಯನ್ನು ಕೂಗಿ ಹೇಳತೊಡಗಿದರು; ಸ್ವಲ್ಪ ಹೊತ್ತಿನಲ್ಲಿ ಆ ದನಿಯೂ ನಿಂತಿತು. ಗರ್ಭಗುಡಿಯ ಎದುರಿನ ನೆಲಹಾಸಿನಲ್ಲಿ ಕೆಳದಿ ನಾಯಕರು ದೇವರಿಗೆ ಅಡ್ಡಬಿದ್ದಂತೆ ಕೆತ್ತಿದ ಉಬ್ಬುಚಿತ್ರಗಳಿವೆ. ಅವನ್ನು ಕಣ್ತುಂಬ ನೋಡಿ ನಾವು ಹೊರಬಂದಾಗ, ನಂದಿಯ ಪಕ್ಕದಲ್ಲಿ ಭಾವನವರೂ ಅಡ್ಡಬಿದ್ದಿದ್ದರು.

ವಾಪಸು ಬರುವಾಗ ರಸ್ತೆಯ ಕುಲುಕಾಟಕ್ಕೂ ಒಳಗೆ ಕಟ್ಟಿಕೊಂಡಿದ್ದ ಗಾಳಿಯ ಒತ್ತಡಕ್ಕೂ ಬಾಟಲಿಯ ಮುಚ್ಚಳ ಢಬ್ಬೆಂದು ಹಾರಿ, ಕಾರಿನ ಸೀಟು, ಚಾವಣಿ, ಭಾವನವರ ಬಿಳಿ ಪಂಚೆ ಎಲ್ಲವೂ ಅನಾನಸುಮಯವಾದವು. ಮುಂದಿನ ತಿರುವಿನಲ್ಲಿಯೇ ಪೊಲೀಸರು ಕೈ ಅಡ್ಡ ಹಿಡಿದರು. ತೊಟ್ಟನ್ನೂ ಮುಟ್ಟದೆ ಕಾರು ಓಡಿಸುತ್ತಿದ್ದ ಅಕ್ಕನ ಮಗ ಊದಿದ. ಯಂತ್ರ ಸೊನ್ನೆ ತೋರಿಸಿತು. ಕಾರಿನೊಳಗೆ ಮೂಗಿಟ್ಟ ಪೇದೆಗೆ ನಂಬಿಕೆ ಬರಲಿಲ್ಲ. ಎರಡನೆಯ ಸಲವೂ ಸೊನ್ನೆಯೇ ಬಂದಾಗ ಆತ ಯಂತ್ರವನ್ನೊಮ್ಮೆ ಕೊಡವಿ, "ಹಾಗಾದರೆ ಇದೇನು ವಾಸನೆ?" ಎಂದು ಗದರಿದ.

ಭಾವನವರು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಕಷಾಯ ಸರ್. ನೆಗಡಿಗೆ ಮಾಡಿಸಿದ್ದು, ಚೆಲ್ಲಿಹೋಯಿತು."